ಕೂಲಿ ಮತ್ತು ಋಣ

'ಅಲ್ಲಿ ಇದ್ದು ಏನು ಉಪಯೋಗ?' ಎಂಬ ಮಾತನ್ನು ನಾವು ದಿನಕ್ಕೆ ಎಷ್ಟು ಸಲ, ಎಷ್ಟು ಸಲೀಸಾಗಿ ಆಡುತ್ತೇವೆ ಎಂಬುದನ್ನು ನಾನು ಈಚಿನವರೆಗೆ ಗಮನಿಸಿರಲಿಲ್ಲ. ಗಮನಿಸುವಂತೆ ಮಾಡಿದ್ದು ನಮ್ಮ ಮನೆಯದೇ ಒಂದು ಸಣ್ಣ ವ್ಯವಹಾರ. ಗುಬ್ಬಿ ತಾಲ್ಲೂಕಿನಲ್ಲಿ, ಕಡಬದ ಕೆರೆಗೆ ಬಹಳ ದೂರವಲ್ಲದ ಒಂದು ಹಳ್ಳಿಯಲ್ಲಿ ನಮ್ಮದೊಂದು ಹೆಂಚಿನ ಮನೆಯುಂಟು. ಚಿಕ್ಕಪ್ಪ ತೀರಿಕೊಂಡ ಮೇಲೆ ಅದರಲ್ಲಿ ಚಿಕ್ಕಮ್ಮ ಒಬ್ಬರೇ ಇದ್ದಾರೆ. ಅವರಿಗೆ ಮಕ್ಕಳಿಲ್ಲ. ನಾನೂ ನನ್ನ ತಮ್ಮನೂ ತುಮಕೂರಿನಲ್ಲಿ ನೆಲಸಿ ಬಹಳ ಕಾಲವಾಯಿತು. ಮನೆಯನ್ನು ಮಾರಿ ಚಿಕ್ಕಮ್ಮನನ್ನು ಇಲ್ಲಿಗೆ ಕರೆತರುವುದೆಂದು ತಮ್ಮ ಹೇಳಿದ. ಕೊಳ್ಳುವವರೂ ಸಿದ್ಧರಾಗಿದ್ದರು. "ಈ ವಯಸ್ಸಿನಲ್ಲಿ ಅವರು ಅಲ್ಲಿ ಒಬ್ಬರೇ ಇದ್ದು ಏನು ಉಪಯೋಗ, ಅಣ್ಣ?" ಎಂದ. ನನಗೂ ಅದು ಸರಿಯಾಗಿಯೇ ಕಂಡಿತು. ಆಗಲಿ ಎಂದೆ.

ಇದರಲ್ಲಿ ಅನ್ಯಾಯವೇನೂ ಇದ್ದಂತೆ ತೋರಲಿಲ್ಲ. ನಾವಿಬ್ಬರೂ ತುಮಕೂರಿನಲ್ಲಿ ಕೋಣೆ ಮಾಡಿಕೊಂಡು ಓದುತ್ತಿದ್ದಾಗ ರಾಗಿ, ತೆಂಗಿನಕಾಯಿ, ಫೀಜಿನ ಹಣ ಎಲ್ಲವೂ ಆ ಮನೆಯಿಂದಲೇ ಬಂದದ್ದು ನಿಜ. ಚಿಕ್ಕಪ್ಪ ಉತ್ತರು, ಚಿಕ್ಕಮ್ಮ ಕಟ್ಟಿ ಕಳಿಸಿದರು, ನಾವು ಉಂಡು ಓದಿದೆವು. ಆದರೆ ಪಾಲಿನ ದಿನ ಚಿಕ್ಕಪ್ಪನಿಗೆ ಸೇರಬೇಕಾದದ್ದು ಸೇರಿದೆ. ಒಂದು ಪೈಸೆ ಆಚೀಚೆಯಾಗಿಲ್ಲ. ಪತ್ರಕ್ಕೆ ಎಲ್ಲರ ರುಜು ಬಿದ್ದಿದೆ. ಮನೆಯೊಂದು ಮಾತ್ರ ಜಂಟಿಯಾಗಿ ಉಳಿದಿತ್ತು. ಲೆಕ್ಕ ಚುಕ್ತಾ ಆದ ಮೇಲೆ ಉಳಿಯುವುದೇನು? ಈ ಪ್ರಶ್ನೆಗೆ ನಾನು ಉತ್ತರ ಹುಡುಕಿಕೊಂಡು ಹೊರಟವನಲ್ಲ. ಅದು ಇನ್ನೊಂದು ಕಡೆ, ಕಾವೇರಿಯ ನಡುವಿನ ಒಂದು ದ್ವೀಪದಲ್ಲಿ, ನನಗೆ ಎದುರಾಯಿತು.

ದ್ವೀಪಕ್ಕೆ ಹೋದದ್ದು ತಮ್ಮನ ಆಸೆಯಿಂದ. ಅವನು ತುಮಕೂರಿನ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಯಲ್ಲಿ ಬಹುಕಾಲ ದುಡಿದವನು. ಇಂದಿಗೂ ಬೆಳಗ್ಗೆ ಎದ್ದೊಡನೆ ಕೈಗಡಿಯಾರಕ್ಕೆ ಕೀಲಿ ಕೊಟ್ಟೇ ಮುಂದಿನ ಕೆಲಸ. ಯಂತ್ರವೆಂದರೆ ಅವನಿಗೆ ಭಕ್ತಿ. ಶಿವನಸಮುದ್ರದ ವಿದ್ಯುದಾಗಾರವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ವರ್ಷಗಳಿಂದ ಹೇಳುತ್ತಿದ್ದ. ಫಾಲ್ಗುಣದ ಒಂದು ಬೆಳಗ್ಗೆ ಇಬ್ಬರೂ ಹೊರಟೆವು.

ತುಮಕೂರಿನವರಿಗೆ ಶಿವನಸಮುದ್ರ ಪರದೇಶವಲ್ಲ. ನಾವು ನೀರಿನ ಸಂಬಂಧಿಗಳು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷೆ ಗುಬ್ಬಿಯ ಕಡೆ ಹರಿದು ಕಡಬದ ಕೆರೆಯನ್ನು ತುಂಬಿಸುತ್ತದೆ. ಲಂಕೆಯಿಂದ ಹಿಂದಿರುಗುವಾಗ ಸೀತೆ ಕೇಳಿಕೊಂಡಳೆಂದು ರಾಮನೇ ಆ ಕೆರೆಯನ್ನು ಕಟ್ಟಿದನೆಂದು ಅಲ್ಲಿಯ ಐತಿಹ್ಯ. ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಅದೇ ಹೊಳೆಗೆ ಒಂದು ಅಣೆಕಟ್ಟು. ನೀರು ಗೊತ್ತಾದ ಮಟ್ಟವನ್ನು ಮೀರಿದರೆ ಯಾರೂ ಬಾಗಿಲು ಎತ್ತದೆ ತಾನಾಗಿಯೇ ಹೊರಗೆ ಹಾಯಿಸುವ ಸೈಫನ್ ಅಲ್ಲಿದೆ. ತಮ್ಮ ಅದರ ಗುಣಗಾನ ಮಾಡುತ್ತಿದ್ದಂತೆಯೇ ಕುಣಿಗಲ್ ದಾಟಿ, ಹುಲಿಯೂರುದುರ್ಗದ ಮೇಲೆ ಮದ್ದೂರಿಗೆ ಬಂದೆವು. ಅಲ್ಲಿ ಮತ್ತೆ ಶಿಂಷೆ. ಮಳವಳ್ಳಿಯಾಚೆ ನಾವು ದ್ವೀಪದ ಕಡೆ ತಿರುಗಿದರೆ, ಅದು ತನ್ನ ಕಣಿವೆಯಲ್ಲಿ ಇಳಿದು, ಜಲಪಾತಗಳ ಕೆಳಗೆ ಕಾವೇರಿಯನ್ನು ಸೇರುತ್ತದೆ. ನಮ್ಮೂರಿನ ಬೆಟ್ಟದಲ್ಲಿ ಬಿದ್ದ ಮಳೆಯ ಹಿಂದೆಯೇ ನಾವೂ ಹೋಗಿದ್ದೆವೆಂದರೆ ತಪ್ಪಾಗದು.

ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಒಡೆದು, ನಡುವೆ ಒಂದಿಷ್ಟು ನೆಲವನ್ನು ಬಿಟ್ಟು, ಒಂದು ಕಡೆ ಗಗನಚುಕ್ಕಿಯಾಗಿ, ಇನ್ನೊಂದು ಕಡೆ ಬರಚುಕ್ಕಿಯಾಗಿ ಧುಮುಕಿ, ಕೆಳಗೆ ಮತ್ತೆ ಒಂದಾಗುತ್ತದೆ. ನಡುವಿನ ನೆಲವೇ ದ್ವೀಪ. ಶ್ರೀರಂಗಪಟ್ಟಣದ ಆದಿರಂಗನಿಗೂ ಶ್ರೀರಂಗದ ಅಂತ್ಯರಂಗನಿಗೂ ನಡುವೆ ಇಲ್ಲಿ ಮಧ್ಯರಂಗನಿದ್ದಾನೆ, ಸೋಮೇಶ್ವರನಿದ್ದಾನೆ, ಗಗನಚುಕ್ಕಿಯ ಬಳಿ ಒಂದು ದರ್ಗಾ ಇದೆ. ಉಮ್ಮತ್ತೂರಿನ ಗಂಗರಾಜ ಇಲ್ಲಿ ಕೋಟೆ ಕಟ್ಟಿಕೊಂಡಿದ್ದು, ೧೬ನೆಯ ಶತಮಾನದ ಮೊದಲಲ್ಲಿ ಕೃಷ್ಣದೇವರಾಯನಿಗೆ ಸೋತ. ಆಮೇಲೆ ಪಟ್ಟಣ ಹಾಳಾಯಿತು, ಕಾಡು ಬೆಳೆಯಿತು, ಸೇತುವೆಗಳು ಬಿದ್ದವು. ೧೯ನೆಯ ಶತಮಾನದ ಮೊದಲ ದಶಕಗಳಲ್ಲಿ ರಾಮಸ್ವಾಮಿ ಮೊದಲಿಯಾರ್ ಎಂಬವರು ದ್ವೀಪಕ್ಕೆ ಮತ್ತೆ ಕಲ್ಲಿನ ಸೇತುವೆ ಕಟ್ಟಿಸಿದರು. ಕಂಪನಿ ಸರ್ಕಾರ ಅವರಿಗೆ ಜಹಗೀರು ಕೊಟ್ಟಿತು. ಆ ಸೇತುವೆಯ ಕೆಲವು ಭಾಗಗಳನ್ನು ಈಚಿನ ವರ್ಷಗಳ ಪ್ರವಾಹ ಕೊಚ್ಚಿಕೊಂಡು ಹೋಗಿದೆ. ಈಗ ಜನ ಓಡಾಡುವುದು ಪಕ್ಕದ ಹೊಸ ಸೇತುವೆಯ ಮೇಲೆ. ಹೊಳೆಯಲ್ಲಿ ನಿಂತಿರುವ ಹಳೆಯ ಕಲ್ಲಿನ ಕಂಬಗಳನ್ನು ನೋಡಿದಾಗ ಆ ಮನುಷ್ಯನ ನೆನಪಾಗದೆ ಇರುವುದಿಲ್ಲ.

ಆದರೆ ತಮ್ಮ ನೋಡಬೇಕೆಂದು ಬಂದದ್ದು ರಂಗನಾಥನನ್ನಲ್ಲ, ಸೇತುವೆಯನ್ನೂ ಅಲ್ಲ. ದ್ವೀಪದ ಎದುರಿನ ಎಡದಂಡೆಯಲ್ಲಿ, ಜನ ಬ್ಲಫ್ ಎಂದು ಕರೆಯುವ ಕಡೆ, ಬೆಟ್ಟದ ಬುಡದಲ್ಲಿ ವಿದ್ಯುದಾಗಾರವಿದೆ. ನದಿಯ ಒಂದು ಕವಲಿನ ನೀರನ್ನು ಕಾಲುವೆಯಲ್ಲಿ ತಂದು, ದೊಡ್ಡ ಕೊಳವೆಗಳಲ್ಲಿ ಕಣಿವೆಗೆ ಬೀಳಿಸಿ, ಯಂತ್ರ ತಿರುಗಿಸುತ್ತಾರೆ. ಮೈಸೂರಿನ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಎಂಜಿನಿಯರ್ ಜೋಲಿ ದ ಲಾಟ್ಬಿನಿಯೇರ್ ಹಾಕಿದ ಯೋಜನೆ ಇದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಮತ್ತು ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಗಳ ಯಂತ್ರಗಳು ಬಂದವು. ಅವುಗಳನ್ನು ಈ ಕಾಡಿನವರೆಗೆ ಸಾಗಿಸಿದ್ದು ಎತ್ತು ಮತ್ತು ಆನೆ. ಅಯ್ಯರ್ ೧೯೦೧ರಲ್ಲಿ ತೀರಿಕೊಂಡರು; ತಾವು ಹಟ ಹಿಡಿದು ಮಾಡಿಸಿದ ಕೆಲಸ ಫಲಿಸಿದ್ದನ್ನು ನೋಡಲಿಲ್ಲ. ೧೯೦೨ರ ಜೂನ್ ೩೦ರಂದು ಇಲ್ಲಿಂದ ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. ಅಷ್ಟು ಉದ್ದದ ತಂತಿ ಆಗ ಪ್ರಪಂಚದಲ್ಲೇ ಅಪರೂಪ. ಮೂರು ವರ್ಷದ ಮೇಲೆ, ೧೯೦೫ರಲ್ಲಿ, ಬೆಂಗಳೂರಿನ ಬೀದಿಗೆ ದೀಪ ಬಂದಿತು. ಮೊದಲಲ್ಲಿ ಇದ್ದ ಶಕ್ತಿ ನಾಲ್ಕು ಸಾವಿರ ಚಿಲ್ಲರೆ ಕಿಲೋವ್ಯಾಟ್; ಇಂದಿನ ಸ್ಥಾಪಿತ ಸಾಮರ್ಥ್ಯ ೪೨ ಮೆಗಾವ್ಯಾಟ್.

ಬೇಸಿಗೆ ಹತ್ತಿರವಾಗಿದ್ದರಿಂದ ಜಲಪಾತ ಬಡಕಲಾಗಿತ್ತು. ಬಂಡೆಯ ಮೇಲೆ ನಾಲ್ಕಾರು ಬಿಳಿಯ ಎಳೆಗಳಷ್ಟೆ. ವಿದ್ಯುದಾಗಾರಕ್ಕೆ ಇಳಿಯಲು ಅನುಮತಿ ಬೇಕು, ನಮಗಿರಲಿಲ್ಲ. ಮೇಲಿನಿಂದಲೇ ನೋಡಿ, ಕೊಳವೆಗಳನ್ನು ಎಣಿಸಿ, ತಮ್ಮ ತೃಪ್ತನಾದ. ಊರಿನಲ್ಲಿ ಒಂದು ಸುತ್ತು ಬಂದೆವು. ನೂರು ವರ್ಷಗಳ ಹಿಂದೆ ಎಂಜಿನಿಯರುಗಳೂ ಮೇಸ್ತ್ರಿಗಳೂ ಕೂಲಿಗಳೂ ತುಂಬಿ ಗಿಜಿಗುಟ್ಟುತ್ತಿದ್ದ ಜಾಗದಲ್ಲಿ ಈಗ ಮಧ್ಯಾಹ್ನದ ಹೊತ್ತು ಹಕ್ಕಿಯ ದನಿ ಕೇಳುತ್ತದೆ. ಯಂತ್ರ ಇನ್ನೂ ತಿರುಗುತ್ತಿದ್ದರೂ ಈ ಜಾಗದ ದೊಡ್ಡ ದಿನಗಳು ಕಳೆದುಹೋಗಿವೆ. ನಾಡಿಗೆ ಈಗ ಬೇಕಾದ ವಿದ್ಯುತ್ತಿನ ಮುಂದೆ ಇದು ಒಂದು ಹನಿ.

ಒಂದು ಮರದ ಕೆಳಗೆ ಬುತ್ತಿ ಬಿಚ್ಚಿದಾಗ ಮಾತು ತಮ್ಮನ ಕಾರ್ಖಾನೆಯ ಕಡೆ ತಿರುಗಿತು. ಗಡಿಯಾರ ಮಾಡುವ ಕೆಲಸಕ್ಕೆ ಕೇಂದ್ರ ಸರ್ಕಾರ ೨೦೧೬ರಲ್ಲಿ ಮಂಗಳ ಹಾಡಿತು. ತುಮಕೂರಿನ ಆ ಜಾಗ ಇಸ್ರೋ ಸಂಸ್ಥೆಯ ಪಾಲಾಯಿತು. ಅಲ್ಲಿ ದುಡಿದವರಲ್ಲಿ ಕೆಲವರು ಆ ಗೇಟಿನ ಮುಂದೆ ಹೋಗುವಾಗ ಇಂದಿಗೂ ಒಂದು ಕ್ಷಣ ನಿಲ್ಲುತ್ತಾರಂತೆ. ತಮ್ಮ ನಿಲ್ಲುವವನಲ್ಲ. "ತಿಂಗಳು ತಿಂಗಳು ಸಂಬಳ ಕೊಟ್ಟರು, ನಾವು ಕೆಲಸ ಮಾಡಿದೆವು. ನನಗೆ ಬರಬೇಕಾದದ್ದೆಲ್ಲ ಬಂತು. ಅವರೂ ನನಗೆ ಸಾಲಗಾರರಲ್ಲ, ನಾನೂ ಅವರಿಗೆ ಸಾಲಗಾರನಲ್ಲ. ಇದರಲ್ಲಿ ಅಳುವುದು ಏನಿದೆ?" ಎಂದ. ಅವನ ಮಾತಿನಲ್ಲಿ ಕಹಿ ಇರಲಿಲ್ಲ. ಅದಕ್ಕೇ ನನಗೆ ಉತ್ತರ ಹೊಳೆಯಲಿಲ್ಲ.

ಸೇತುವೆ ದಾಟಿ ದ್ವೀಪದ ಊರಿಗೆ ಹೋದೆವು. ದೇವಸ್ಥಾನದ ಹತ್ತಿರ ಒಂದು ಸಣ್ಣ ಅಂಗಡಿ. ಎಪ್ಪತ್ತು ದಾಟಿದ ಒಬ್ಬ ಮುದುಕರು ಎಳನೀರು ಕೆತ್ತಿ ಕೊಟ್ಟರು. ತಮ್ಮ ಯಂತ್ರದ ಮಾತು ತೆಗೆದೊಡನೆ, ಅವರ ತಾತ ಆ ಕಾಲುವೆಗೆ ಕಲ್ಲು ಹೊತ್ತಿದ್ದನೆಂದು ಮನೆಯಲ್ಲಿ ಹೇಳುತ್ತಿದ್ದುದನ್ನು ಹೇಳಿದರು. ಕೂಲಿ ಸರಿಯಾಗಿ ಕೊಟ್ಟರೇ ಎಂದು ತಮ್ಮ ಕೇಳಿದ.

"ಕೊಟ್ರು ಸ್ವಾಮಿ. ಸುಳ್ ಯಾಕ್ ಹೇಳ್ಲಿ? ಕೂಲಿಗೇನೂ ಮೋಸ ಆಗ್ಲಿಲ್ವಂತೆ."

ತಮ್ಮ ನನ್ನ ಕಡೆ ನೋಡಿದ. ಮುದುಕರು ಇನ್ನೊಂದು ಕಾಯಿ ಕೈಗೆ ತೆಗೆದುಕೊಂಡು ಮುಂದುವರಿದರು: "ಆದ್ರೆ ಮಾಡಿದ್ದೆಲ್ಲ ಎಲ್ಲಿಗೋಯ್ತದೆ ಅಂತ ಅವ್ನಿಗೆ ಯಾರೂ ಹೇಳಿರ್ಲಿಲ್ವಂತೆ. ತಂತಿ ಹೋಯ್ತದೆ, ಹೋಯ್ತದೆ, ಕಣ್ಣಿಗೆ ಕಾಣದಂಗೆ ಹೋಯ್ತದೆ. ಆ ತುದೀಲಿ ಏನೈತೆ? ಚಿನ್ನ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ್ಲೂ ಅಷ್ಟೆಯ. ಜನ ಬತ್ತಾರೆ, ನೀರು ನೋಡ್ತಾರೆ, ಪಟ ತೆಗಿಸ್ಕೊಂಡು ಹೋಯ್ತಾರೆ. ಇಲ್ಲೊಂದು ಊರೈತೆ ಅಂತ ಕೇಳೋರು ಕಮ್ಮಿ" ಎಂದರು.

ಊರಿಗೆ ಏನು ಬೇಕು ಎಂದು ನಾನು ಕೇಳಿದೆ. ದೊಡ್ಡ ಪಟ್ಟಿಯನ್ನು ನಿರೀಕ್ಷಿಸಿದ್ದೆನೆಂದು ಕಾಣುತ್ತದೆ. ಅವರು ಹೇಳಿದ್ದು ಇಷ್ಟು: "ಹೊಳೆ ತುಂಬ್ದಾಗ ಸೇತ್ವೆ ನಿಂತಿರ್ಬೇಕು ಸ್ವಾಮಿ. ಹುಡುಗ್ರು ಆಚೆ ದಡಕ್ಕೆ ಹೋಗಿ ಬರ್ಬೇಕಲ್ಲ."

ಹಿಂದಿರುಗುವ ದಾರಿಯಲ್ಲಿ ಈ ಮಾತು ನನ್ನನ್ನು ಬಿಡಲಿಲ್ಲ. ಬೆಲೆಯಿಂದ ತೀರುವ ಲೆಕ್ಕ ಒಂದು ಬಗೆ. ಬೆಲೆಯಿಂದ ತೀರದ ಲೆಕ್ಕ ಇನ್ನೊಂದು ಬಗೆ. ಮೊದಲನೆಯದಕ್ಕೆ ಕೂಲಿ ಎನ್ನೋಣ, ಎರಡನೆಯದಕ್ಕೆ ಋಣ. ನಮ್ಮ ಹಿರಿಯರು ದೇವಋಣ, ಋಷಿಋಣ, ಪಿತೃಋಣ ಎಂದು ಮೂರನ್ನು ಹೇಳಿದರು. ನೆಲದ ಋಣವನ್ನು ಆ ಪಟ್ಟಿಯಲ್ಲಿ ಸೇರಿಸಲಿಲ್ಲ. ಆದರೆ ಬಳಕೆಯ ಮಾತು ಅದನ್ನು ಬಲ್ಲದು. ಒಬ್ಬನು ಒಂದು ಊರನ್ನು ಬಿಟ್ಟು ಹೋದರೆ, 'ಆ ಊರಿನ ಅನ್ನನೀರಿನ ಋಣ ತೀರಿತು' ಎನ್ನುತ್ತೇವೆ. ಆ ಮಾತಿನಲ್ಲಿ ಒಂದು ವಿಚಿತ್ರವಿದೆ. 'ತೀರಿತು' ಎಂದಾಗ ಅವನು ಕೊಟ್ಟು ತೀರಿಸಿದನೆಂದು ಯಾರೂ ಅರ್ಥ ಮಾಡುವುದಿಲ್ಲ. ಅವನು ಹೊರಟುಹೋದ, ಅಷ್ಟೆ. ಸಾಲಗಾರ ಊರು ಬಿಟ್ಟದ್ದನ್ನೇ ನಾವು ಸಾಲ ತೀರಿದ್ದೆಂದು ಬರೆದುಕೊಂಡುಬಿಟ್ಟಿದ್ದೇವೆಯೆ?

ತಮ್ಮನ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಸಂಬಳವೆಂಬುದು ಮನುಷ್ಯನಿಗೆ ದೊಡ್ಡ ಬಿಡುಗಡೆ. ಕೊಡುವವನು ಒಡೆಯ, ಪಡೆಯುವವನು ಆಳು ಎಂಬ ಹಳೆಯ ಸಂಬಂಧದಲ್ಲಿ ಋಣದ ಮಾತು ಬಹಳ ಇತ್ತು. 'ಉಪ್ಪು ತಿಂದ ಮನೆ' ಎಂದು ಮೂರು ತಲೆಮಾರು ಜೀತ ಮಾಡಿಸಿದವರೂ ಇದ್ದರು. ಲೆಕ್ಕವನ್ನು ಹಣದಲ್ಲಿ ಚುಕ್ತಾ ಮಾಡಿ, ತಲೆಯೆತ್ತಿ ಮನೆಗೆ ಹೋಗಬಹುದಾದದ್ದು ಸಣ್ಣ ವಿಷಯವಲ್ಲ. ಋಣವೆಂಬುದನ್ನು ಬಡವನ ಕೊರಳಿಗೆ ಕಟ್ಟುವುದಾದರೆ ಅದು ಬೇಡವೇ ಬೇಡ. ನಾನು ಹೇಳುತ್ತಿರುವುದು ಮತ್ತೊಂದು ದಿಕ್ಕಿನಿಂದ. ದುಡಿದವನು ಕೊಟ್ಟವನಿಗೆ ಋಣಿಯಲ್ಲ, ನಿಜ. ಪಡೆದುಕೊಂಡು ಹೊರಟುಹೋದವನು, ಅಲ್ಲಿಯೇ ಉಳಿದವನಿಗೆ ಏನಾದರೂ ಋಣಿಯೇ? ಪ್ರಶ್ನೆ ಇದು.

ತಂತಿಯ ಆ ತುದಿಯನ್ನು ನೋಡೋಣ. ಕೋಲಾರದ ಗಣಿಗಳಿಂದ ಒಟ್ಟು ೮೦೦ ಟನ್ನಿಗೂ ಹೆಚ್ಚು ಚಿನ್ನ ತೆಗೆದರೆಂದು ಲೆಕ್ಕ. ೨೦೦೧ರ ಫೆಬ್ರವರಿ ೨೮ರಂದು ಗಣಿಗಾರಿಕೆ ನಿಂತಿತು. ಶಿವನಸಮುದ್ರ ಯಾರಿಗಾಗಿ ದುಡಿಯಲು ಹುಟ್ಟಿತೋ ಅವರ ಕೆಲಸವೇ ಮುಗಿಯಿತು. ಜನ ಮಾತ್ರ ಮುಗಿಯಲಿಲ್ಲ. ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು, ರಾತ್ರಿ ಅದೇ ಗಣಿಯ ಊರಿಗೆ ಹಿಂದಿರುಗುವವರು ಎಷ್ಟೋ ಮಂದಿ. ಸುತ್ತ ನೀರಿಲ್ಲದಿದ್ದರೂ ಅದೂ ಒಂದು ದ್ವೀಪವೇ. ಉಪಯೋಗದ ಲೆಕ್ಕದಲ್ಲಿ ಅವರು ಅಲ್ಲಿರಬೇಕಾದದ್ದಿಲ್ಲ. ಆದರೂ ಇದ್ದಾರೆ.

ಹೀಗಾಗದ ದ್ವೀಪವೂ ಒಂದುಂಟು. ಜಪಾನಿನ ನಾಗಸಾಕಿಯ ಹತ್ತಿರ ಹಶಿಮಾ ಎಂಬ, ಹದಿನಾರು ಎಕರೆಯಷ್ಟರ ಕಲ್ಲಿದ್ದಲಿನ ದ್ವೀಪ. ೧೯೫೯ರಲ್ಲಿ ಅಲ್ಲಿ ೫,೨೫೯ ಜನರಿದ್ದರು. ೧೯೭೪ರ ಜನವರಿಯಲ್ಲಿ ಗಣಿ ಮುಚ್ಚಿತು. ಏಪ್ರಿಲ್ ಹೊತ್ತಿಗೆ ದ್ವೀಪದಲ್ಲಿ ಒಬ್ಬರೂ ಇರಲಿಲ್ಲ. ಯುದ್ಧಕಾಲದಲ್ಲಿ ಕೊರಿಯಾ, ಚೀನಾಗಳಿಂದ ಬಲವಂತವಾಗಿ ತಂದವರನ್ನು ಆ ಗಣಿಗೆ ಇಳಿಸಿದ ಕಥೆಯೂ ಅದಕ್ಕೆ ಅಂಟಿಕೊಂಡಿದೆ. ಇಂದು ಪ್ರವಾಸಿಗರು ದೋಣಿಯಲ್ಲಿ ಹೋಗಿ ಖಾಲಿ ಕಟ್ಟಡಗಳ ಸಾಲನ್ನು ನೋಡಿ ಬರುತ್ತಾರೆ. ೨೦೧೫ರಲ್ಲಿ ಯುನೆಸ್ಕೋ ಅದನ್ನು ಪರಂಪರೆಯ ತಾಣಗಳಲ್ಲಿ ಸೇರಿಸಿತು. ಆ ಕಟ್ಟಡಗಳಿಗೆ ಗೌರವ ಬರುವ ಹೊತ್ತಿಗೆ, ಅವುಗಳಲ್ಲಿ ಒಲೆ ಹಚ್ಚುವವರು ಇಲ್ಲದೆ ನಲವತ್ತು ವರ್ಷಗಳಾಗಿದ್ದವು.

ಹಾಗೆಂದು ಊರು ಬಿಡುವುದೇ ಪಾಪವೆಂದು ನಾನು ಹೇಳಲಾರೆ. ಸ್ಕಾಟ್ಲೆಂಡಿನ ಪಡುಗಡಲಿನಲ್ಲಿ ಸೇಂಟ್ ಕಿಲ್ಡಾ ಎಂಬ ದ್ವೀಪವಿದೆ. ಅಲ್ಲಿ ಕೊನೆಗೆ ಉಳಿದಿದ್ದ ೩೬ ಜನ ತಾವಾಗಿಯೇ ಸರ್ಕಾರಕ್ಕೆ ಅರ್ಜಿ ಬರೆದು, ೧೯೩೦ರ ಆಗಸ್ಟ್ ೨೯ರಂದು ದ್ವೀಪವನ್ನು ಬಿಟ್ಟುಬಂದರು. ಬದುಕು ಅಷ್ಟು ಕಷ್ಟವಾಗಿತ್ತು. ಅವರನ್ನು 'ಇಲ್ಲಿಯೇ ಇರಿ, ನಿಮ್ಮ ಜೀವನ ಎಷ್ಟು ಸುಂದರ' ಎಂದು ತಡೆಯಲು ನಮಗೆ ಯಾವ ಹಕ್ಕೂ ಇಲ್ಲ. ಹೊರಗಿನವನು ಹೋಗಿ 'ಬಿಡು' ಎನ್ನುವುದು ಹೇಗೆ ಅಹಂಕಾರವೋ 'ಬಿಡಬೇಡ' ಎನ್ನುವುದೂ ಹಾಗೆಯೇ ಅಹಂಕಾರ. ಸೇಂಟ್ ಕಿಲ್ಡಾದಲ್ಲಿ ಅರ್ಜಿ ಬರೆದವರು ಅಲ್ಲಿದ್ದವರೇ ಎಂಬುದು ಮುಖ್ಯ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ತುಮಕೂರಿನ ನಮ್ಮ ನಲ್ಲಿಯಲ್ಲಿ ಬರುವುದು ಹೇಮಾವತಿಯ ನೀರು. ಗೊರೂರಿನ ಅಣೆಕಟ್ಟಿನಿಂದ ಕಾಲುವೆಯಲ್ಲಿ ಬಂದು, ಬುಗುಡನಹಳ್ಳಿಯ ಕೆರೆಯಲ್ಲಿ ನಿಂತು, ನಮ್ಮ ಮನೆಗೆ ಬರುತ್ತದೆ. ಆ ಅಣೆಕಟ್ಟಿನ ಹಿನ್ನೀರಿನಲ್ಲಿ ಊರುಗಳು ಮುಳುಗಿದವು; ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವ ಚಿತ್ರವನ್ನು ಓದುಗರು ನೋಡಿರಬಹುದು. ನಾನು ನೀರಿನ ಕಂದಾಯವನ್ನು ತಪ್ಪದೆ ಕಟ್ಟುತ್ತೇನೆ. ರಸೀತಿಗಳೂ ಇವೆ. ಅದರಲ್ಲಿ ಆ ಊರುಗಳ ಹೆಸರಿಲ್ಲ.

ನಮ್ಮ ಜಿಲ್ಲೆಯ ಪಾವಗಡದಲ್ಲಿ ಈಗ ಇನ್ನೊಂದು ಶಿವನಸಮುದ್ರ ಎದ್ದಿದೆ. ಸುಮಾರು ೧೩,೦೦೦ ಎಕರೆಯಲ್ಲಿ ಬಿಸಿಲನ್ನು ವಿದ್ಯುತ್ತಾಗಿಸುವ ಫಲಕಗಳು, ೨,೦೫೦ ಮೆಗಾವ್ಯಾಟ್. ಇಲ್ಲಿ ಒಂದು ವಿವೇಕದ ಕೆಲಸ ನಡೆದಿದೆ. ರೈತರಿಂದ ನೆಲವನ್ನು ಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಂತೆ, ಕಾಲಕಾಲಕ್ಕೆ ಏರುವ ಕರಾರಿನ ಮೇಲೆ, ಗುತ್ತಿಗೆಗೆ ಪಡೆದರು. ಕೊಂಡವನು ಮರೆಯಬಹುದು, ಗುತ್ತಿಗೆದಾರ ವರ್ಷಕ್ಕೊಮ್ಮೆಯಾದರೂ ನೆಲದವನ ಹೆಸರನ್ನು ಬರೆಯಲೇಬೇಕು. ಇದು ೧೯೦೨ಕ್ಕಿಂತ ಒಂದು ಹೆಜ್ಜೆ ಮುಂದೆ. ಆದರೂ ಲೆಕ್ಕ ಪೂರ್ತಿಯಾಗಲಿಲ್ಲ. ಸ್ವಂತ ನೆಲವಿಲ್ಲದೆ ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದವಳಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವನಿಗೆ, ಗುತ್ತಿಗೆಯ ಕಾಗದದಲ್ಲಿ ಜಾಗವಿಲ್ಲ. ಶಿವನಸಮುದ್ರದ ಆ ತಾತನಂತೆ ಅವರೂ ತಂತಿ ಹೋಗುವ ದಿಕ್ಕನ್ನು ನೋಡುತ್ತಿರಬಹುದು.

ಹಾಗಾದರೆ ಈ ಋಣವನ್ನು ತೀರಿಸುವುದು ಹೇಗೆ? ಊರು ಊರಿಗೂ ಹೊಸ ಕಾರ್ಖಾನೆ ಕಟ್ಟಿಸಬೇಕೆ? ಸರ್ಕಾರದ ಬೊಕ್ಕಸಕ್ಕೆ ಅಷ್ಟು ಶಕ್ತಿಯಿಲ್ಲ. ಇದ್ದರೂ ಅದರಿಂದ ಉಪಯೋಗವೊಂದೇ ಅಳತೆಗೋಲಾಗಿ ಉಳಿಯುತ್ತದೆ. ಹಳೆಯ ಯಂತ್ರಕ್ಕೆ ಬಣ್ಣ ಹೊಡೆದು ವಸ್ತುಸಂಗ್ರಹಾಲಯ ಮಾಡಬೇಕೆ? ಮಾಡಲಿ, ಒಳ್ಳೆಯದೆ, ಆದರೆ ಅದು ನೋಡಬಂದವರಿಗೆ ಸಲ್ಲುವ ಸೇವೆ. ನನಗೆ ಕಂಡದ್ದು ಇಷ್ಟೆ. ಒಂದು ಜಾಗದಿಂದ ಪಡೆಯಬೇಕಾದದ್ದನ್ನು ಪಡೆದು ಹೊರಟುಹೋದವರು, ತಾವು ಹೋದದ್ದರ ದಂಡವನ್ನು ಉಳಿದವರಿಂದ ವಸೂಲು ಮಾಡಬಾರದು. ಇರಬೇಕೆಂದವನು ಇರಬಹುದಾದಷ್ಟು ಅನುಕೂಲ, ಎಂದರೆ ಸೇತುವೆ, ಶಾಲೆ, ಔಷಧ, ಹೊತ್ತಿಗೆ ಒಂದು ಬಸ್ಸು, ಉಳಿದಿರಬೇಕು. ಬಿಡಬೇಕೆಂದವನಿಗೆ ಬಿಡುವ ದಾರಿಯೂ ಇರಬೇಕು. ಯಾವುದೆಂದು ನಿಶ್ಚಯಿಸುವವನು ಅಲ್ಲಿರುವವನು. 'ಅಲ್ಲಿದ್ದು ಏನು ಉಪಯೋಗ' ಎಂದು ಕೇಳುವ ಅಧಿಕಾರ ಅವನೊಬ್ಬನಿಗೆ ಮಾತ್ರ ಉಂಟು. ನಾವು ಕೇಳಬಹುದಾದ ಪ್ರಶ್ನೆ ಬೇರೆ: 'ನಿಮಗೆ ಏನು ಬೇಕು?'

ಇದಕ್ಕೆ ಖರ್ಚಾಗುತ್ತದೆ, ನಿಜ. ನಾಲ್ಕು ಮನೆಗಾಗಿ ಒಂದು ಸೇತುವೆಯೇ ಎಂದು ಲೆಕ್ಕ ಬಲ್ಲವರು ಆಕ್ಷೇಪಿಸುವರು. ಅವರ ಲೆಕ್ಕ ತಪ್ಪೆಂದು ನಾನು ಹೇಳುವುದಿಲ್ಲ. ಅದರ ಆರಂಭದ ಪುಟ ಹರಿದಿದೆಯೆನ್ನುತ್ತೇನೆ. ನಾಲ್ಕು ಮನೆಯವರಿಂದ ನಾವು ಪಡೆದದ್ದನ್ನು ಬರೆದ ಪುಟ ಅದು. ಅದನ್ನು ಸೇರಿಸಿಕೊಂಡು ಕೂಡಿದ ಮೇಲೂ ಸೇತುವೆ ದುಬಾರಿಯೆಂದು ಕಂಡರೆ, ಆಗ ಮಾತಾಡೋಣ.

ಇದನ್ನೆಲ್ಲ ಕುಣಿಗಲ್ ಬರುವ ಹೊತ್ತಿಗೆ ತಮ್ಮನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಸರಿ, ನೀನು ಚಿಕ್ಕಮ್ಮನನ್ನು ಕೇಳಿದೆಯಾ?" ಎಂದ.

ನಾನು ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲ. ಕೊಳ್ಳುವವರೊಡನೆ ಎರಡು ಸಲ ಮಾತಾಡಿದ್ದೆವು. ತುಮಕೂರಿನಲ್ಲಿ ಅವರಿಗೆಂದು ಯಾವ ಕೋಣೆ, ಕಿಟಕಿ ಯಾವ ಕಡೆ ಎಂಬುದನ್ನೂ ಗೊತ್ತು ಮಾಡಿದ್ದೆವು. ಆ ಮನೆಯಲ್ಲಿ ಇರುವವರನ್ನು ಮಾತ್ರ ಇಬ್ಬರೂ ಕೇಳಿರಲಿಲ್ಲ. ಶಿವನಸಮುದ್ರದ ಮುದುಕರನ್ನು ಕೇಳಲು ನನ್ನ ನಾಲಿಗೆ ತಡವರಿಸಲಿಲ್ಲ. ಅಪರಿಚಿತರ ಮುಂದೆ ನಾವು ಎಷ್ಟು ಉದಾರಿಗಳು!

ಮುಂದಿನ ಭಾನುವಾರ ಇಬ್ಬರೂ ಹಳ್ಳಿಗೆ ಹೋದೆವು. ಚಿಕ್ಕಮ್ಮ ಬಾಗಿಲಲ್ಲಿ ಹುಣಸೆಹಣ್ಣು ಕುಟ್ಟುತ್ತ ಕೂತಿದ್ದರು. ಕಾಫಿ ಆದ ಮೇಲೆ ನಾನು ವಿಷಯವನ್ನು ಹೇಳಿ, "ನಿಮಗೆ ಏನು ಬೇಕು ಚಿಕ್ಕಮ್ಮ?" ಎಂದೆ. ಅವರು ನನ್ನ ಮುಖವನ್ನೂ ತಮ್ಮನ ಮುಖವನ್ನೂ ನೋಡಿ ನಕ್ಕರು. "ನನ್ನನ್ನ ಕೇಳೋಕೆ ಇಬ್ಬರೂ ಬಂದ್ರಾ?" ಎಂದರು. ಆಮೇಲೆ, "ಮನೆ ಮಾರೋದು ಬಿಡೋದು ನಿಮಗೆ ಸೇರಿದ್ದು ಕಣಪ್ಪ. ನಾನೂ ಎಷ್ಟು ದಿನ ಗಟ್ಟಿಯಾಗಿರ್ತೀನೋ. ಕೈಲಾಗದಿದ್ದಾಗ ನಾನೇ ಹೇಳಿಕಳಿಸ್ತೀನಿ, ಆಗ ಬಂದು ಕರ್ಕೊಂಡು ಹೋಗಿ. ಈಗ ನಡುಮನೆ ಸೋರುತ್ತೆ. ಮಳೆಗಾಲ ಬರೋಕೆ ಮುಂಚೆ ಒಡೆದ ಹೆಂಚು ತೆಗೆಸಿ ಬೇರೆ ಹಾಕಿಸಿಕೊಡಿ" ಎಂದರು.

ತಮ್ಮ ಎದ್ದು, ಏಣಿ ಎಲ್ಲಿದೆಯೆಂದು ಕೇಳಿ, ಮೇಲೆ ಹತ್ತಿದ. ಒಡೆದ ಹೆಂಚು ಎಷ್ಟೆಂದು ಒಂದೊಂದಾಗಿ ಎಣಿಸಿ ಹೇಳುತ್ತ ಹೋದ. ನಾನು ಕೆಳಗೆ ನಿಂತು ಬರೆದುಕೊಂಡೆ.